ಪ್ರವಾಸದ ಮೊದಲ ಮೆಟ್ಟಿಲು

1999ರಲ್ಲಿ ಸಿಡ್ನಿ ನಗರ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿತ್ತು. ಅಲ್ಲಿನ ಬ್ರೂಸ್ ಮ್ಯಾಗೈರ್ ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ತೆರೆಯ ಮೇಲಿನ ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಾಗಿ ಬೆರಳಿಗೆ ಮುಟ್ಟಿಸುವ ಸಾಧನದಿಂದ ಅವರು ಕಂಪ್ಯೂಟರ್ ಬಳಸುತ್ತಿದ್ದರು. ಕ್ರೀಡಾಕೂಟದ ಅಧಿಕೃತ ವೆಬ್‌ಸೈಟ್ ತೆರೆದಾಗ ಬೆರಳಿಗೆ ಸಿಕ್ಕಿದ್ದು ಅರೆಬರೆ ಮಾಹಿತಿ. ಚಿತ್ರಗಳ ಹಿಂದೆ ವಿವರಣೆ ಇರಲಿಲ್ಲ. ವೇಳಾಪಟ್ಟಿಯ ಪುಟದಿಂದ ಕ್ರೀಡೆಗಳ ಸೂಚಿಗೆ ಹೋಗಲು ದಾರಿ ಇರಲಿಲ್ಲ. ಅವರು ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. 2000ದ ಆಗಸ್ಟ್‌ನಲ್ಲಿ ಆಯೋಗ ಇದನ್ನು ಅಂಗವೈಕಲ್ಯದ ಆಧಾರದ ತಾರತಮ್ಯವೆಂದು ತೀರ್ಮಾನಿಸಿ, ಕೂಟ ಆರಂಭವಾಗುವ ಸೆಪ್ಟೆಂಬರ್ 15ರೊಳಗೆ ತಾಣವನ್ನು ಸರಿಪಡಿಸಲು ಆದೇಶಿಸಿತು. ಸಂಘಟಕರು ಪೂರ್ತಿಯಾಗಿ ಪಾಲಿಸಲಿಲ್ಲ. ಕೊನೆಗೆ 20 ಸಾವಿರ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕಾಯಿತು.

ಮ್ಯಾಗೈರ್ ಅವರಂತೆಯೇ ಪ್ರವಾಸ ಹೊರಡುವವರೂ ಈಗ ಬಸ್ಸು ಹತ್ತುವ ಮೊದಲು ವೆಬ್‌ಸೈಟಿನ ಮೆಟ್ಟಿಲು ಹತ್ತಬೇಕು. ಕೋಣೆ ಕಾಯ್ದಿರಿಸುವುದು, ಸಫಾರಿಯ ಟಿಕೆಟ್, ಗುಡಿಯ ವೇಳೆ ಎಲ್ಲವೂ ಅಲ್ಲೇ. ಆದರೆ ಆ ಮೆಟ್ಟಿಲನ್ನು ಎಲ್ಲರಿಗೂ ಹತ್ತಲು ಬರುವಂತೆ ಕಟ್ಟುವ ವಿಚಾರ ಬಂದಾಗ ಕೆಲವು ಹಳೆಯ ನಂಬಿಕೆಗಳು ಅಡ್ಡ ನಿಲ್ಲುತ್ತವೆ.

ತಪ್ಪು ಕಲ್ಪನೆ 1: ಕಣ್ಣು ಕಾಣದವರಿಗೆ ಪ್ರವಾಸದ ವೆಬ್‌ಸೈಟ್ ಏಕೆ?

ಸತ್ಯ: ಅಂಧರೂ ಪ್ರವಾಸ ಹೋಗುತ್ತಾರೆ. ಜೋಗದ ಭೋರ್ಗರೆತ ಕೇಳಲು, ಮಡಿಕೇರಿಯ ಚಳಿಯಲ್ಲಿ ನಾಲ್ಕು ದಿನ ಕಳೆಯಲು, ಧರ್ಮಸ್ಥಳದಲ್ಲಿ ಹರಕೆ ತೀರಿಸಲು ಹೋಗುತ್ತಾರೆ. ಮನೆಮಂದಿಗೆಲ್ಲ ಟಿಕೆಟ್ ಕಾಯ್ದಿರಿಸುವವರೂ ಅವರೇ ಆಗಿರಬಹುದು.

ಮಾತು ಅಂಧರಿಗಷ್ಟೇ ಸೀಮಿತವೂ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಕರ್ನಾಟಕದಲ್ಲೇ 13.24 ಲಕ್ಷ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕಿವಿ ಕೇಳದವರಿಗೆ ಪ್ರಚಾರದ ವಿಡಿಯೊದಲ್ಲಿ ಅಡಿಬರಹ ಬೇಕು. ಕೈ ನಡುಗುವವರಿಗೆ ಮೌಸ್ ಇಲ್ಲದೆ ಕೀಬೋರ್ಡಿನಿಂದಲೇ ಎಲ್ಲ ಗುಂಡಿಗಳನ್ನು ಮುಟ್ಟಲು ಬರಬೇಕು. ಖಾಲಿ ಕೋಣೆಗೆ ಹಸಿರು, ತುಂಬಿದ್ದಕ್ಕೆ ಕೆಂಪು ಎಂದು ಬಣ್ಣವೊಂದರಿಂದಲೇ ತೋರಿಸಿದರೆ ಆ ಎರಡು ಬಣ್ಣಗಳ ಭೇದ ತಿಳಿಯದವರು ದಾರಿ ತಪ್ಪುತ್ತಾರೆ. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ದೃಶ್ಯ ಅಪಸ್ಮಾರ ಇರುವವರಲ್ಲಿ ಸೆಳವು ತರಬಹುದು.

ತಪ್ಪು ಕಲ್ಪನೆ 2: ಇದನ್ನೆಲ್ಲ ಪಾಲಿಸಿದರೆ ತಾಣದ ಅಂದ ಕೆಡುತ್ತದೆ

ಸತ್ಯ: ಚಿತ್ರ ತೆಗೆದುಹಾಕಲು ಯಾರೂ ಹೇಳಿಲ್ಲ. ಚಿತ್ರದ ಹಿಂದೆ ನಾಲ್ಕು ಮಾತು ಬರೆಯಬೇಕು, ಅಷ್ಟೆ.

ಬೇಲೂರಿನ ದರ್ಪಣಸುಂದರಿಯ ಚಿತ್ರ ಹಾಕಿ ಅದರ ವಿವರಣೆಯ ಜಾಗದಲ್ಲಿ ಕ್ಯಾಮೆರಾ ಕೊಟ್ಟ ಕಡತದ ಸಂಖ್ಯೆಯನ್ನೇ ಬಿಟ್ಟರೆ, ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆ ಸಂಖ್ಯೆಯನ್ನೇ ಓದುತ್ತದೆ. ‘ಕನ್ನಡಿ ಹಿಡಿದು ತನ್ನ ಮುಖ ನೋಡಿಕೊಳ್ಳುತ್ತಿರುವ ಯುವತಿಯ ಶಿಲ್ಪ, ತಲೆಯ ಮೇಲೆ ಎಲೆಬಳ್ಳಿಗಳ ಚಪ್ಪರ’ ಎಂದು ಬರೆದರೆ ಕೇಳುವವರ ಮನಸ್ಸಿನಲ್ಲಿ ಶಿಲ್ಪ ಮೂಡುತ್ತದೆ. ಪುಟದ ಅಂಚಿನ ಬರೀ ಅಲಂಕಾರದ ರಂಗೋಲಿಗೆ ಈ ವಿವರಣೆ ಬೇಡ. ಅಲ್ಲಿ ಜಾಗವನ್ನು ಖಾಲಿ ಬಿಟ್ಟರೆ ಯಂತ್ರ ಅದನ್ನು ದಾಟಿ ಮುಂದೆ ಹೋಗುತ್ತದೆ.

ಬಣ್ಣಕ್ಕೂ ಲೆಕ್ಕವಿದೆ. ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ ಎರಡನೇ ಹಂತದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು. ತುಂಗಭದ್ರೆಯ ಸೂರ್ಯಾಸ್ತದ ಚಿತ್ರದ ಮೇಲೆ ಬಿಳಿ ಅಕ್ಷರ ತೇಲಿಬಿಟ್ಟಾಗ ಈ ಲೆಕ್ಕ ತಪ್ಪುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹಂಪಿಯ ಬಂಡೆಗಳ ನಡುವೆ ನಿಂತು ಫೋನಿನಲ್ಲಿ ನಕ್ಷೆ ಹುಡುಕುವವರಿಗೆ, ಕಣ್ಣು ಚೆನ್ನಾಗಿದ್ದರೂ, ಆ ಅಕ್ಷರ ಕಾಣದು.

ತಪ್ಪು ಕಲ್ಪನೆ 3: ಕಂಪ್ಯೂಟರ್ ಕನ್ನಡ ಓದುವುದಿಲ್ಲ, ಇಂಗ್ಲಿಷ್ ಪುಟ ಸರಿಯಿದ್ದರೆ ಸಾಕು

ಸತ್ಯ: ಓದುತ್ತದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಅಂಧರೇ ಆರಂಭಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಅದರೊಳಗಿನ ಧ್ವನಿ ತಂತ್ರಾಂಶಕ್ಕೆ ಕನ್ನಡ ಗೊತ್ತು. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಕೂಡ ಕನ್ನಡ ಓದಬಲ್ಲದು. ಓದಲಾಗದಂತೆ ಬರೆದಿಡುವುದೇ ತೊಡಕು.

ಹಳೆಯ ಫಾಂಟುಗಳ ಕಥೆ ಕನ್ನಡದ ಡಿಟಿಪಿ ಬಲ್ಲವರಿಗೆಲ್ಲ ಗೊತ್ತು. ಯೂನಿಕೋಡ್ ಬರುವ ಮೊದಲಿನ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಲಾಗಿತ್ತು. ಕಣ್ಣಿಗೆ ‘ಕನ್ನಡ’ ಎಂದೇ ಕಂಡರೂ ಒಳಗಿರುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಅದನ್ನು ನಕಲಿಸಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದವರು ಆ ಗೊಂದಲವನ್ನು ಕಣ್ಣಾರೆ ನೋಡಿರುತ್ತಾರೆ. ಸ್ಕ್ರೀನ್ ರೀಡರ್ ಬಳಸುವವರು ಅದನ್ನೇ ಕಿವಿಯಾರೆ ಕೇಳುತ್ತಾರೆ. ಮುದ್ರಿತ ಕೈಪಿಡಿಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿದರಂತೂ ಅದರಲ್ಲಿ ಅಕ್ಷರವೇ ಇಲ್ಲ, ಇಡೀ ಪುಟ ಒಂದು ಫೋಟೊ.

ಇನ್ನೊಂದು ಸಣ್ಣ ಲೋಪವಿದೆ. ಪುಟ ಯಾವ ಭಾಷೆಯದು ಎಂದು ಯಂತ್ರಕ್ಕೆ ತಿಳಿಸುವ ಎರಡಕ್ಷರದ ಸಂಕೇತ ಪ್ರತಿ ಪುಟದ ಮೂಲದಲ್ಲಿರಬೇಕು. ಕನ್ನಡಕ್ಕೆ ಅದು ‘ಕೆಎನ್’. ಇಂಗ್ಲಿಷ್ ಪುಟವನ್ನು ಅನುವಾದಿಸುವಾಗ ಹಳೆಯ ಸಂಕೇತ ಹಾಗೇ ಉಳಿದುಬಿಟ್ಟರೆ, ಇಂಗ್ಲಿಷಿಗೆಂದೇ ಇರುವ ಧ್ವನಿ ಕನ್ನಡದ ಮೇಲೆ ಎಡವುತ್ತದೆ, ಇಲ್ಲವೇ ಅಕ್ಷರ ಸಿಗದೆ ಸುಮ್ಮನಾಗುತ್ತದೆ. ಎರಡಕ್ಷರ ತಿದ್ದಿದರೆ ಪುಟಕ್ಕೆ ಸರಿಯಾದ ಧ್ವನಿ ಸಿಗುತ್ತದೆ.

ತಪ್ಪು ಕಲ್ಪನೆ 4: ಮೂಲೆಯಲ್ಲಿ ಒಂದು ಗುಂಡಿ ಕೂರಿಸಿದರೆ ಕೆಲಸ ಮುಗಿಯಿತು

ಸತ್ಯ: ಅಕ್ಷರ ದೊಡ್ಡದು ಮಾಡುವ, ಬಣ್ಣ ಬದಲಿಸುವ ವಿಜೆಟ್‌ಗಳು ಹಲವು ತಾಣಗಳ ಮೂಲೆಯಲ್ಲಿ ಕಾಣುತ್ತವೆ. ಆದರೆ ಅಂಧ ಬಳಕೆದಾರರ ಬಳಿ ತಮ್ಮದೇ ಸ್ಕ್ರೀನ್ ರೀಡರ್ ಇರುತ್ತದೆ. ಅವರಿಗೆ ಬೇಕಾದದ್ದು ಪುಟದ ಒಳಗಿನ ರಚನೆ: ಶೀರ್ಷಿಕೆಗೆ ಶೀರ್ಷಿಕೆ ಎಂಬ ಗುರುತು, ಗುಂಡಿಗೆ ಹೆಸರು, ಅರ್ಜಿಯ ಪ್ರತಿ ಖಾನೆಗೆ ಹೆಸರುಚೀಟಿ. ಎನ್‌ವಿಡಿಎ ಬಳಸುವವರು ‘ಎಚ್’ ಕೀಲಿ ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ದಪ್ಪ ಅಕ್ಷರ ಹಾಕಿ, ಶೀರ್ಷಿಕೆ ಎಂಬ ಗುರುತು ಕೊಡದೆ ಬಿಟ್ಟರೆ ಹಾರಲು ಕಲ್ಲೇ ಇರುವುದಿಲ್ಲ.

ಇಂಥದೇ ವಿಜೆಟ್ ಮಾರುವ ಆ್ಯಕ್ಸೆಸಿಬಿ ಕಂಪನಿ, ತನ್ನ ಕೃತಕ ಬುದ್ಧಿಮತ್ತೆಯ ಸಾಧನ ಯಾವುದೇ ವೆಬ್‌ಸೈಟನ್ನು ಡಬ್ಲ್ಯುಸಿಎಜಿಗೆ ತಕ್ಕಂತೆ ಮಾಡಬಲ್ಲದು ಎಂದು ದಾರಿ ತಪ್ಪಿಸುವಂತೆ ಹೇಳಿಕೊಂಡಿತ್ತು ಎಂಬ ಆರೋಪಕ್ಕಾಗಿ 10 ಲಕ್ಷ ಡಾಲರ್ ತೆರಬೇಕೆಂಬ ಆದೇಶವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಪ್ರಕಟಿಸಿತು.

ತಪ್ಪು ಕಲ್ಪನೆ 5: ಖರ್ಚು ವಿಪರೀತ, ಕಾನೂನಿನ ಬಲವೂ ಇಲ್ಲ

ಸತ್ಯ: ಸಿಡ್ನಿಯ ಸಂಘಟಕರೂ ಖರ್ಚಿನ ವಾದವನ್ನೇ ಮುಂದಿಟ್ಟಿದ್ದರು, 20 ಲಕ್ಷ ಡಾಲರಿಗೂ ಹೆಚ್ಚು ಬೇಕು ಎಂದಿದ್ದರು. ಕೆಲಸ ಅಷ್ಟು ದೊಡ್ಡದಲ್ಲ ಎಂದು ಪರಿಣತರು ತೋರಿಸಿದರು. ಆಯೋಗ ಪರಿಣತರ ಮಾತನ್ನು ಒಪ್ಪಿತು. ಮನೆ ಕಟ್ಟುವಾಗಲೇ ಇಳಿಜಾರು ಸೇರಿಸುವುದಕ್ಕೂ ಕಟ್ಟಿ ಮುಗಿಸಿದ ಮೇಲೆ ಜಗಲಿ ಒಡೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಇನ್ನು ಕಾನೂನು. ವಿದ್ಯುನ್ಮಾನ ಮಾಧ್ಯಮದ ಮಾಹಿತಿ ಅಂಗವಿಕಲರಿಗೆ ಎಟಕುವ ರೂಪದಲ್ಲಿ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂದು 2016ರ ಅಧಿನಿಯಮದ 42ನೇ ಕಲಂ ಹೇಳುತ್ತದೆ. ಸರ್ಕಾರಿ ವೆಬ್‌ಸೈಟುಗಳಿಗೆ ಕೇಂದ್ರದ ಮಾರ್ಗಸೂಚಿ 2009ರಿಂದ ಇದೆ, 2023ರಲ್ಲಿ ಅದರ ಮೂರನೇ ಆವೃತ್ತಿ ಬಂತು. ಸುಗಮ್ಯತೆಯ ಮಾನದಂಡಗಳು ಬರೀ ಶಿಫಾರಸುಗಳಾಗಿ ಉಳಿಯುವುದು ಅಧಿನಿಯಮದ ಆಶಯಕ್ಕೆ ವಿರುದ್ಧ ಎಂದು ರಾಜೀವ್ ರಾತುರಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಸೂಚಿಸಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಂದಿಗೆ ಜೋಡಿಸಿತು. ಆ್ಯಸಿಡ್ ದಾಳಿಗೆ ಒಳಗಾದವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಬ್ಯಾಂಕಿನ ಗುರುತು ಪರಿಶೀಲನೆಯಲ್ಲಿ ಸಿಲುಕಿದ ಪ್ರಕರಣ ಅದು.

ತಪ್ಪು ಕಲ್ಪನೆ 6: ‘ಗಾಲಿಕುರ್ಚಿ ಸೌಲಭ್ಯ ಇದೆ’ ಎಂಬ ಒಂದು ಸಾಲು ಸಾಕು

ಸತ್ಯ: ಪ್ರವಾಸಿ ತಾಣದ ವೆಬ್‌ಸೈಟ್ ತಾಂತ್ರಿಕವಾಗಿ ಎಷ್ಟೇ ಚೊಕ್ಕವಾಗಿದ್ದರೂ, ಹೊರಡಲೋ ಬೇಡವೋ ಎಂದು ತೀರ್ಮಾನಿಸಲು ಬೇಕಾದ ವಿವರ ಇಲ್ಲದಿದ್ದರೆ ಅಂಗವಿಕಲರು ಮನೆಯಲ್ಲೇ ಉಳಿಯುತ್ತಾರೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಬಾದಾಮಿಯ ಗುಹೆಗಳಿಗೂ ಮೆಟ್ಟಿಲು ಹತ್ತಬೇಕು. ಅಲ್ಲಿಗೆ ಹತ್ತಿರದ ಪಟ್ಟದಕಲ್ಲಿನ ಗುಡಿಗಳೋ ಸಮತಟ್ಟಾದ ನೆಲದಲ್ಲಿ ಹರಡಿಕೊಂಡಿವೆ. ಬೇಲೂರಿನ ಗುಡಿ ಜಗತಿ ಎಂಬ ಎತ್ತರದ ಕಟ್ಟೆಯ ಮೇಲೆ ನಿಂತಿದೆ. ಗಾಲಿಕುರ್ಚಿಯಲ್ಲಿ ಬಂದವರು ಅಂಗಳದಲ್ಲಿ ಸುತ್ತಿದರೂ ಜಗತಿ ಏರಲು ಮೆಟ್ಟಿಲೇ ಎದುರಾಗುತ್ತದೆ. ಇದನ್ನು ಇದ್ದಂತೆ ಹೇಳಿದರೆ ಬಾದಾಮಿಯ ಬದಲು ಪಟ್ಟದಕಲ್ಲಿನಲ್ಲಿ ಹೆಚ್ಚು ಹೊತ್ತು ಕಳೆಯುವ ಯೋಜನೆಯನ್ನು ಮನೆಯವರೆಲ್ಲ ಕೂತು ಹಾಕಬಹುದು.

ಮೆಟ್ಟಿಲುಗಳ ಸಂಖ್ಯೆ, ಹಿಡಿದುಕೊಳ್ಳಲು ಕಂಬಿ ಇದೆಯೇ, ಶೌಚಾಲಯದ ಬಾಗಿಲು ಎಷ್ಟು ಅಗಲ, ವಾಹನ ನಿಲ್ಲುವಲ್ಲಿಂದ ಎಷ್ಟು ದೂರ, ನೆಲ ಹಾಸುಗಲ್ಲೋ ಮರಳೋ, ಪ್ರವೇಶದ ಒಂದು ಫೋಟೊ: ಇಷ್ಟನ್ನು ಸಂಗ್ರಹಿಸಲು ಅಳತೆಪಟ್ಟಿ ಮತ್ತು ಒಂದು ಮಧ್ಯಾಹ್ನ ಸಾಕು. ಬರ್ಲಿನ್‌ನಲ್ಲಿ 2010ರಲ್ಲಿ ಶುರುವಾದ ವ್ಹೀಲ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಜಗತ್ತಿನ ಯಾವುದೇ ಊರಿನ ಜಾಗಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ ಎಂಬುದನ್ನು ಸಾಮಾನ್ಯ ಜನರೇ ಗುರುತಿಸುತ್ತಾರೆ. ಬೇಲೂರಿಗೆ ಹೋಗಿಬಂದವರೊಬ್ಬರು, ತಾವು ಊಟ ಮಾಡಿದ ಹೋಟೆಲಿನ ಬಾಗಿಲಿಗೆ ಒಂದು ಮೆಟ್ಟಿಲಿದೆ ಎಂದು ಇವತ್ತು ಸಂಜೆಯೇ ಅಲ್ಲಿ ಗುರುತು ಹಾಕಬಹುದು.