‘ಹೊಡೆ’ ಎಂಬ ಧಾತುವಿನ ಸಂಸಾರ

ಆದೋನಿಯ ಪೇಟೆಗೆ ಹತ್ತಿಯನ್ನು ಕಳುಹಿಸುವ ಪಶ್ಚಿಮ ಕರ್ನೂಲಿನ ಕರಿಯ ನೆಲದಲ್ಲಿ, ಎಮ್ಮಿಗನೂರಿನ ಆಚೆಗೆ ತುಂಗಭದ್ರೆಯ ಕಡೆಗಿರುವ ನಂದವರಂ ಸೀಮೆಯಲ್ಲಿ, ಹುಳು ಬಿದ್ದ ಹೊಲಕ್ಕೆ ಔಷಧವನ್ನು ಸಿಂಪಡಿಸಿ ಮನೆಗೆ ಮರಳಿದ ಒಕ್ಕಲಿಗನು ಕನ್ನಡದವನಾದರೆ ‘ಎಣ್ಣಿ ಹೊಡೆದು ಬಂದೆ’ ಎಂದೂ ತೆಲುಗಿನವನಾದರೆ ‘ಮಂದು ಕೊಟ್ಟಿ ವಚ್ಚಿನಾ’ ಎಂದೂ ಹೇಳಿದರೆ, ಕೇಳಿದವರಾರೂ ಅದರಲ್ಲಿ ವಿಶೇಷವನ್ನು ಕಾಣರು. ಅದೇ ಎರಡು ವಾಕ್ಯಗಳನ್ನು ಪಟ್ಟಣದ ಹರಟೆಕಟ್ಟೆಗೆ ಒಯ್ದು ನೋಡಿದರೆ ಮಾತ್ರ ಸೋಜಿಗವುಂಟಾಗುತ್ತದೆ. ಏಕೆಂದರೆ ಅಲ್ಲಿ ಎರಡಕ್ಕೂ ಮದ್ಯಪಾನ ಮಾಡಿ ಬಂದನೆಂಬುದೇ ಅರ್ಥ. ‘ಎಣ್ಣೆ’ಗೂ ಔಷಧವಾಚಕವಾದ ತೆಲುಗಿನ ‘ಮಂದು’ವಿಗೂ ವಸ್ತುಸಾಮ್ಯವಿಲ್ಲ, ‘ಹೊಡೆ’ಗೂ ‘ಕೊಟ್ಟು’ವಿಗೂ ಧ್ವನಿಸಾಮ್ಯವಿಲ್ಲ, ಆದರೂ ಎರಡು ನುಡಿಗಳು ಒಂದೇ ಎಡೆಯಲ್ಲಿ ಕವಲೊಡೆದು, ಒಂದೇ ಎರಡು ಅರ್ಥಗಳಿಗೆ ಹೋಗಿ ಸೇರಿವೆ. ಇದು ಆಕಸ್ಮಿಕವೋ, ಅನುಕರಣವೋ, ಅಥವಾ ಮನುಷ್ಯಬುದ್ಧಿಯ ಒಂದು ಸಹಜ ವ್ಯಾಪಾರವೋ ಎಂಬ ಪ್ರಶ್ನೆಯು ಭಾಷಾವಿಜ್ಞಾನಕ್ಕೆ ಸಣ್ಣದಲ್ಲ.

ಒಂದೇ ಶಬ್ದಕ್ಕೆ ಪರಸ್ಪರ ಸಂಬಂಧವುಳ್ಳ ಹಲವು ಅರ್ಥಗಳಿರುವ ಸ್ಥಿತಿಗೆ ಫ್ರಾನ್ಸಿನ ಮಿಷೆಲ್ ಬ್ರೆಯಾಲ್ ಎಂಬ ಪಂಡಿತನು 1897ರಲ್ಲಿ ಪ್ರಕಟವಾದ ತನ್ನ ಅರ್ಥವಿಚಾರದ ಗ್ರಂಥದಲ್ಲಿ ‘ಪಾಲಿಸೆಮಿ’ ಎಂಬ ಹೆಸರನ್ನು ರೂಢಿಗೆ ತಂದನು; ನಾವು ಅದನ್ನು ನಾನಾರ್ಥತೆ ಎನ್ನಬಹುದು. ಈ ವಿಷಯದಲ್ಲಿ ಆಂಗ್ಲಭಾಷೆಯ ‘ರನ್’ ಎಂಬ ಕ್ರಿಯಾಪದವು ಸುಪ್ರಸಿದ್ಧವಾದುದು. ಮನುಷ್ಯನು ಓಡುವುದಕ್ಕೂ, ನದಿ ಹರಿಯುವುದಕ್ಕೂ, ಯಂತ್ರ ನಡೆಯುವುದಕ್ಕೂ, ಅಂಗಡಿಯನ್ನು ನಡೆಸುವುದಕ್ಕೂ, ಚುನಾವಣೆಗೆ ನಿಲ್ಲುವುದಕ್ಕೂ—ನಮ್ಮಲ್ಲಿ ನಿಲ್ಲುವುದು, ಅವರಲ್ಲಿ ಓಡುವುದು!—ಅದೊಂದೇ ಪದ ಸಲ್ಲುತ್ತದೆ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣ ಕಾರ್ಯದಲ್ಲಿ ಪೀಟರ್ ಗಿಲ್ಲಿವರ್ ಎಂಬ ಸಂಪಾದಕರು ಸುಮಾರು ಒಂಬತ್ತು ತಿಂಗಳುಗಳನ್ನು ಈ ಒಂದು ಕ್ರಿಯಾಪದಕ್ಕೆ ಮೀಸಲಿಟ್ಟು ಅದರ 645 ಅರ್ಥಗಳನ್ನು ವಿಂಗಡಿಸಿದರೆಂದು 2011ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅದಕ್ಕೆ ಹಿಂದೆ, 1989ರ ಆವೃತ್ತಿಯಲ್ಲಿ, ಸುಮಾರು 430 ಅರ್ಥಗಳೊಡನೆ ‘ಸೆಟ್’ ಎಂಬ ಪದವು ಅಗ್ರಸ್ಥಾನದಲ್ಲಿದ್ದಿತು.

ಇಂತಹ ಲೆಕ್ಕಗಳನ್ನು ಕೇಳಿ ಬೆರಗಾಗುವ ಕನ್ನಡಿಗನು ತನ್ನ ಬಾಯಲ್ಲಿರುವ ‘ಹೊಡೆ’ಯನ್ನು ಎಂದೂ ಎಣಿಸಿ ನೋಡಿರುವುದಿಲ್ಲ. ಕೈಯಿಂದಾಗಲಿ ಕೋಲಿನಿಂದಾಗಲಿ ವೇಗವಾಗಿ ತಾಗಿಸುವುದು ಅದರ ಮೂಲಾರ್ಥವೆಂದು ಇಟ್ಟುಕೊಂಡರೆ, ಗೋಡೆಗೆ ಮೊಳೆಯನ್ನು ಹೊಡೆಯುವುದರಲ್ಲಿಯೂ ಡೋಲನ್ನು ಹೊಡೆಯುವುದರಲ್ಲಿಯೂ ಆ ಅರ್ಥ ಅಚ್ಚಳಿಯದೆ ಉಳಿದಿದೆ. ಬಂಡಿ ಹೊಡೆಯುವಾಗ ಏಟು ಬೀಳುವುದು ಎತ್ತಿಗೇ ಹೊರತು ಬಂಡಿಗಲ್ಲ. ಅಲ್ಲಿಂದ ಮುಂದೆ ಏಟೇ ಇಲ್ಲದೆ ನಡೆಸುವುದೆಂಬ ಅರ್ಥವೊಂದೇ ಉಳಿದು, ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುವುದೂ, ಗಳೆ ಹೊಡೆಯುವುದೂ ಬಂದವು. ಡೇರೆಯ ಗೂಟಕ್ಕೆ ಬಿದ್ದ ಪೆಟ್ಟು ಇಡೀ ಡೇರೆಗೆ ಹಬ್ಬಿ ‘ಡೇರೆ ಹೊಡೆ’ ಎಂದಾಯಿತು. ಆಂಗ್ಲರಲ್ಲಿ ಡೇರೆಯನ್ನು ‘ಸ್ಟ್ರೈಕ್’ ಮಾಡುವುದೆಂದರೆ ಕಿತ್ತು ಮಡಚುವುದು, ನಮ್ಮಲ್ಲಿ ಹೊಡೆಯುವುದೆಂದರೆ ಎತ್ತಿ ನಿಲ್ಲಿಸುವುದು. ಮುಂದೆ ಹೋದಂತೆ ದಾರಿ ಇನ್ನೂ ಸೂಕ್ಷ್ಮವಾಗುತ್ತದೆ. ಬಣ್ಣ ಹೊಡೆಯುವುದರಲ್ಲಿ ಮೇಲ್ಮೈಗೆ ತಾಗುವಿಕೆಯಿದೆ, ನೋವಿಲ್ಲ; ಬಿಸಿಲು ಹೊಡೆಯುವುದರಲ್ಲಿ, ವಾಸನೆ ಹೊಡೆಯುವುದರಲ್ಲಿ ತಾಗುವಿಕೆಯಿದ್ದರೂ ತಾಗಿಸುವ ಕರ್ತೃವಿಲ್ಲ; ಕಣ್ಣು ಹೊಡೆಯುವುದರಲ್ಲಿ ವೇಗವೊಂದೇ ಉಳಿದಿದೆ; ನಿದ್ದೆ ಹೊಡೆಯುವುದರಲ್ಲಿ ಅದೂ ಅಳಿದು, ಯಾವ ಸಂಕೋಚವೂ ಇಲ್ಲದೆ ಚೆನ್ನಾಗಿ ಮಾಡಿದನೆಂಬ ಒಂದು ಧಾಟಿ ಮಾತ್ರ ಉಳಿಯುತ್ತದೆ. ಡೆನ್ಮಾರ್ಕಿನ ವೈಯಾಕರಣ ಒಟ್ಟೊ ಯೆಸ್ಪರ್ಸನ್ನನು ಇಂತಹ, ತನ್ನ ಭಾರವನ್ನೆಲ್ಲ ಪಕ್ಕದ ನಾಮಪದಕ್ಕೆ ಒಪ್ಪಿಸಿ ತಾನು ಹಗುರಾಗಿ ನಿಂತ ಕ್ರಿಯಾಪದಗಳನ್ನು ಹಗುರ ಕ್ರಿಯಾಪದಗಳೆಂದೇ ಕರೆದನು.

ವ್ಯಾಕರಣವೂ ಈ ಅರ್ಥಭೇದಗಳಿಗೆ ಸಾಕ್ಷಿ ಹೇಳುತ್ತದೆ. ‘ಹಾವಿಗೆ ಹೊಡೆದನು’ ಎಂದರೆ ಹಾವು ಬದುಕಿದ್ದಿರಬಹುದು. ‘ಹಾವು ಹೊಡೆದನು’ ಎಂದಲ್ಲಿ ಅದು ಸತ್ತಂತೆಯೇ ಸರಿ. ಒಂದು ಚತುರ್ಥೀ ಪ್ರತ್ಯಯದ ಮೇಲೆ ಒಂದು ಪ್ರಾಣಿಯ ಆಯುಸ್ಸು ನಿಂತಿರುವ ಈ ನಿದರ್ಶನವನ್ನು ವ್ಯಾಕರಣವು ಶುಷ್ಕವೆನ್ನುವವರ ಮುಂದೆ ಇಡಲು ನನಗೆ ಆಸೆ. ಅರ್ಥಗಳು ನಿಜವಾಗಿ ಬೇರೆಯಾಗಿವೆಯೋ ಇಲ್ಲವೋ ಎಂಬುದನ್ನು ತಿಳಿಯಲು ಭಾಷಾವಿಜ್ಞಾನಿಗಳು ಬಳಸುವ ಇನ್ನೊಂದು ಪರೀಕ್ಷೆಯೂ ಇದೆ: ಎರಡು ಕರ್ಮಪದಗಳನ್ನು ಒಂದೇ ಕ್ರಿಯಾಪದಕ್ಕೆ ಕಟ್ಟಿ ನೋಡುವುದು. ‘ಮೊಳೆಯನ್ನೂ ಗೂಟವನ್ನೂ ಹೊಡೆದನು’ ಎಂಬುದನ್ನು ಕಿವಿ ಒಪ್ಪುತ್ತದೆ. ‘ಮೊಳೆಯನ್ನೂ ಬಂಡಿಯನ್ನೂ ನಿದ್ದೆಯನ್ನೂ ಹೊಡೆದನು’ ಎಂದರೆ ನಗು ಬರುತ್ತದೆ. ಆ ನಗುವೇ ಸೀಮಾರೇಖೆ.

ಸಂಬಂಧವುಳ್ಳ ನಾನಾರ್ಥಗಳಿಗೂ, ಕೇವಲ ಧ್ವನಿಯ ಆಕಸ್ಮಿಕದಿಂದ ಒಂದಾಗಿ ಕಾಣುವ ಬೇರೆ ಬೇರೆ ಶಬ್ದಗಳಿಗೂ ಇರುವ ಅಂತರವನ್ನು ಇಲ್ಲಿ ಮರೆಯಲಾಗದು. ಜೋಳ ಹೊಡೆಗೆ ಬಂದಿದೆ ಎನ್ನುವಾಗಿನ ‘ಹೊಡೆ’, ಅಂದರೆ ಗರಿಯ ಒಡಲಿನಿಂದ ಇನ್ನೂ ಹೊರಬೀಳದ ತೆನೆ, ಏಟಿನ ಬಂಧುವಲ್ಲ. ಹಳಗನ್ನಡದಲ್ಲಿ ಹೊಟ್ಟೆಗೆ ‘ಪೊಡೆ’ ಎಂಬ ಹೆಸರಿದ್ದಿತು; ಏಟಿನ ಕ್ರಿಯೆಯೂ ‘ಪೊಡೆ’ಯೇ ಆಗಿದ್ದಿತು; ಪಕಾರವು ಹಕಾರವಾಗುವ ಕಾಲಕ್ಕೆ ಎರಡೂ ಜೊತೆಜೊತೆಯಾಗಿ ‘ಹೊಡೆ’ಯಾದವು. ಅವುಗಳಿಗಿಂತಲೂ ತೊಡಕಿನದು ‘ಹೊಯ್’. ಹೊಯ್ಸಳ ವಂಶದ ಹೆಸರಿಗೆ ಕಾರಣವನ್ನು ಹೇಳುವ ಐತಿಹ್ಯದಲ್ಲಿ ಗುರುವು ಸಳನಿಗೆ ಆಜ್ಞಾಪಿಸಿದ ‘ಹೊಯ್’ ಏಟಿನದು; ಎರಕ ಹೊಯ್ಯುವುದರಲ್ಲಿಯೂ ದೋಸೆ ಹೊಯ್ಯುವುದರಲ್ಲಿಯೂ ಇರುವುದು ಸುರಿಯುವ ಅರ್ಥದ್ದು.

ನಿಘಂಟುಕಾರನ ಕಷ್ಟವೆಲ್ಲ ಇಲ್ಲಿಯೇ. ಎಲ್ಲಿ ಒಂದು ಅರ್ಥ ಮುಗಿದು ಇನ್ನೊಂದು ತೊಡಗಿತು, ಎಲ್ಲಿ ಒಂದು ಶಬ್ದವೇ ಮುಗಿದು ಇನ್ನೊಂದು ತೊಡಗಿತು ಎಂಬುದನ್ನು ಆತನು ತೀರ್ಮಾನಿಸಬೇಕು. ಈ ಕಷ್ಟದ ಕನ್ನಡದ ಒಂದು ಅಧ್ಯಾಯ ನಂದವರಂಗೆ ಬಹು ದೂರದಲ್ಲಿ ನಡೆದುದಲ್ಲ. ಕನ್ನಡ–ಆಂಗ್ಲ ನಿಘಂಟನ್ನು 1832ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದ ವಿಲಿಯಂ ರೀವ್ ಎಂಬ ಪಾದ್ರಿಯು ಲಂಡನ್ ಮಿಷನ್ನಿನವನಾಗಿ ಬಳ್ಳಾರಿಯಲ್ಲಿ ನೆಲೆಸಿ ಕೆಲಸ ಮಾಡಿದವನು. ಆದೋನಿಯು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಕಿಟ್ಟೆಲ್ಲನ ಮಹಾನಿಘಂಟು ಮಂಗಳೂರಿನಿಂದ ಹೊರಟುದು 1894ರಲ್ಲಿ. ಮುಂದೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೂ, ಮಿಕ್ಕವು ಮೈಸೂರಿಗೂ ಸೇರಿದವು. ಗೆರೆ ಎಳೆದವರು ಕ್ರಿಯಾಪದಗಳನ್ನು ಕೇಳಲಿಲ್ಲ. ಕೇಳಿದ್ದರೆ ಗೆರೆ ಎಳೆಯುವುದೇ ಅಸಾಧ್ಯವಾಗುತ್ತಿತ್ತು.

ಏಕೆಂದರೆ ಈ ಸೀಮೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ವ್ಯವಹರಿಸುತ್ತವೆ. ಕನ್ನಡಿಗನು ಕಣ್ಣು ಹೊಡೆದರೆ ತೆಲುಗಿನವನು ‘ಕನ್ನು ಕೊಟ್ಟು’ತ್ತಾನೆ, ಉರ್ದುವಿನವನು ‘ಆಂಖ್ ಮಾರ್’ತ್ತಾನೆ. ದೂರವಾಣಿಯನ್ನು ಸಹ ಮೂವರೂ ತಂತಮ್ಮ ಏಟಿನ ಧಾತುವಿನಿಂದಲೇ ಹೊಡೆಯುತ್ತಾರೆ. ಧ್ವನಿಯ ಮಟ್ಟದಲ್ಲಿ ಮಾತ್ರ ಅಪಾಯವಿದೆ: ತೆಲುಗಿನ ‘ಕೊಟ್ಟು’ ಏಟಾದರೆ ಕನ್ನಡದ ‘ಕೊಟ್ಟು’ ದಾನ, ಎರಡನ್ನೂ ಅರೆಬರೆಯಾಗಿ ಬಲ್ಲವನು ಸಾಲ ಕೇಳಲು ಹೋಗುವುದು ಕ್ಷೇಮಕರವಲ್ಲ. ಇನ್ನೂ ಪಶ್ಚಿಮಕ್ಕೆ ನೋಡಿದರೆ ಪಾರಸಿಯ ‘ಜದನ್’ ಎಂಬ ಏಟಿನ ಧಾತುವು ಮಾತಾಡುವುದಕ್ಕೆ ‘ಹರ್ಫ್ ಜದನ್’ ಎಂದೂ, ಕಣ್ಣು ಹೊಡೆಯುವುದಕ್ಕೆ ‘ಚಶ್ಮಕ್ ಜದನ್’ ಎಂದೂ ಸಲ್ಲುತ್ತದೆ. ಆದೋನಿಯನ್ನು ಬಿಜಾಪುರದ ಆದಿಲಶಾಹಿಗಳು ಆಳಿದ್ದರು, ಅವರ ದರ್ಬಾರಿನಲ್ಲಿ ಪಾರಸಿಯಿದ್ದಿತು. ಆದುದರಿಂದ ಪಾರಸಿಯಿಂದ ದಖನಿಗೂ ದಖನಿಯಿಂದ ನಮಗೂ ಈ ಪ್ರಯೋಗಗಳು ಇಳಿದು ಬಂದವೆಂದು ಒಂದು ಅಂದವಾದ ವಂಶವೃಕ್ಷವನ್ನು ಬರೆದುಬಿಡಬಹುದು. ನಾನು ಅಷ್ಟು ಅವಸರಪಡಲಾರೆ. ಏಟು ಎಂಬುದು ಕ್ಷಣಿಕವಾದ, ಬಲವುಳ್ಳ, ಫಲವು ಕೂಡಲೇ ಕಾಣುವ ಕ್ರಿಯೆಯಾದುದರಿಂದ ಯಾವ ನುಡಿಯೂ ತಾನಾಗಿಯೇ ಅದನ್ನು ಇತರ ಕ್ಷಿಪ್ರಕ್ರಿಯೆಗಳಿಗೆ ವಿಸ್ತರಿಸಿಕೊಳ್ಳುವುದು ಸಾಧ್ಯ.

ಬಳಕೆಯ ಬಲವನ್ನು ಅಮೆರಿಕೆಯ ಜಿ. ಕೆ. ಜಿಫ್ ಎಂಬಾತನು 1945ರಲ್ಲಿ ಗಣಿತದ ಭಾಷೆಯಲ್ಲಿ ತೋರಿಸಿದನು: ಒಂದು ಶಬ್ದದ ಅರ್ಥಗಳ ಸಂಖ್ಯೆ ಸ್ಥೂಲವಾಗಿ ಅದರ ಬಳಕೆಯ ಪ್ರಮಾಣದ ವರ್ಗಮೂಲವನ್ನು ಅನುಸರಿಸುತ್ತದೆ; ನೂರು ಪಟ್ಟು ಹೆಚ್ಚಾಗಿ ಬಳಕೆಯಾಗುವ ಶಬ್ದಕ್ಕೆ ಸುಮಾರು ಹತ್ತು ಪಟ್ಟು ಅರ್ಥಗಳು. ಹೀಗೆ ಅರ್ಥಗಳು ಕಿಕ್ಕಿರಿದರೆ ಕೇಳುವವನು ಗಲಿಬಿಲಿಗೊಳ್ಳಬೇಡವೇ? ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ. ಡೇವಿಡ್ ಸ್ವಿನ್ನಿ ಎಂಬ ಮನೋವಿಜ್ಞಾನಿಯು 1979ರಲ್ಲಿ ತೋರಿಸಿದಂತೆ, ದ್ವಂದ್ವಾರ್ಥದ ಪದವೊಂದು ಕಿವಿಗೆ ಬಿದ್ದ ಕ್ಷಣದಲ್ಲಿ, ಸಂದರ್ಭವು ಯಾವುದನ್ನೇ ಸೂಚಿಸುತ್ತಿರಲಿ, ಎರಡು ಅರ್ಥಗಳೂ ಮನಸ್ಸಿನಲ್ಲಿ ಎಚ್ಚರಗೊಳ್ಳುತ್ತವೆ. ಇನ್ನು ಕೆಲವೇ ಅಕ್ಷರಗಳು ಕಳೆಯುವುದರೊಳಗೆ ಸಂದರ್ಭಕ್ಕೆ ಹೊಂದದುದು ಅಡಗಿಹೋಗುತ್ತದೆ. ಜೆನ್ನಿಫರ್ ರಾಡ್ ಮತ್ತು ಸಂಗಡಿಗರು 2002ರಲ್ಲಿ ಇನ್ನೊಂದು ವಿವೇಕವನ್ನು ಸೇರಿಸಿದರು: ಸಂಬಂಧವಿಲ್ಲದ ಅರ್ಥಗಳುಳ್ಳ ಪದವನ್ನು ಗುರುತಿಸಲು ಮನಸ್ಸಿಗೆ ತುಸು ಹೆಚ್ಚು ಕಾಲ ಬೇಕು, ಸಂಬಂಧವುಳ್ಳ ಹಲವು ಅರ್ಥಗಳಿರುವ ಪದವನ್ನು ಅದು ಬೇಗನೆ ಗುರುತಿಸುತ್ತದೆ. ಈ ಪ್ರಯೋಗಗಳು ನಡೆದುದು ಆಂಗ್ಲದಲ್ಲಿ. ಕನ್ನಡದಲ್ಲಿಯೂ ಫಲ ಅದೇ ಆಗುವುದಾದರೆ ಏಟಿನ ‘ಹೊಡೆ’ಗೆ ಅದರ ಸಂಸಾರವೇ ಬೆಂಬಲ, ತೆನೆಯ ‘ಹೊಡೆ’ಯೊಂದೇ ಅಡ್ಡಿ.

ಏಟಿನ ನೆನಪು ಈ ಬಳಕೆಗಳೊಳಗೆ ಎಷ್ಟು ದೂರ ಜೀವಂತವಾಗಿರುತ್ತದೆ? ಒದೆಯುವುದು, ಆರಿಸಿ ಎತ್ತುವುದು, ನೆಕ್ಕುವುದು ಎಂಬ ಅರ್ಥದ ಪದಗಳನ್ನು ಓದಿದಾಗ ಮಿದುಳಿನಲ್ಲಿ ಕ್ರಮವಾಗಿ ಕಾಲು, ಕೈ, ನಾಲಗೆಗಳನ್ನು ಆಡಿಸುವ ಭಾಗಗಳ ಬಳಿಯೇ ಚಟುವಟಿಕೆ ಕಾಣಿಸಿತೆಂದು ಹೌಕ್, ಪುಲ್‌ವರ್‌ಮ್ಯೂಲರ್ ಮೊದಲಾದವರು 2004ರಲ್ಲಿ ವರದಿ ಮಾಡಿದರು. ಆದರೆ ಅದೇ ಪದಗಳು ನುಡಿಗಟ್ಟಿನಲ್ಲಿ ಬಂದಾಗ ಆ ಭಾಗಗಳು ಸುಮ್ಮನಿರುತ್ತವೆಂದು 2009ರ ಒಂದು ಅಧ್ಯಯನವೂ, ಸುಮ್ಮನಿರುವುದಿಲ್ಲವೆಂದು ಅದೇ ವರ್ಷದ ಇನ್ನೊಂದು ಅಧ್ಯಯನವೂ ಹೇಳಿದವು. ನಿದ್ದೆ ಹೊಡೆಯುವವನ ಮಾತನ್ನು ಕೇಳಿದವನ ಮಿದುಳಿನಲ್ಲಿ ಕೈ ಎದ್ದಿತೋ ಇಲ್ಲವೋ ಎಂಬ ವಾದ ಹೀಗೆ ಇತ್ಯರ್ಥವಾಗದೆ ಉಳಿದಿದೆ.

ಗಡಿನಾಡಿನ ಪ್ರಶ್ನೆಗೆ ಮರಳುವುದಾದರೆ, ಅತ್ಯಂತ ಸಮೀಪದ ನಿದರ್ಶನವು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದ್ದು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಿಬರುತ್ತಿದ್ದ ಆ ಊರನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳು ತಮ್ಮ ತಮ್ಮ ಶಬ್ದಗಳನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಎಷ್ಟು ಒಂದಾಗಿದ್ದುವೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಾಗಿದ್ದಿತು. ದ್ವಿಭಾಷಿಯು ಶಬ್ದವನ್ನು ಕುಲಚಿಹ್ನೆಯಂತೆ ಕಾಪಾಡಿಕೊಳ್ಳುವನು. ಅದನ್ನು ಪ್ರಯೋಗಿಸುವ ಬಗೆಯನ್ನು ಮಾತ್ರ ಅರಿಯದೆಯೇ ನೆರೆಯವನಿಗೆ ಕೊಟ್ಟು ಅವನಿಂದ ಪಡೆಯುವನು. ಎಣ್ಣೆ ಹೊಡೆಯುವುದೂ ಮಂದು ಕೊಟ್ಟುವುದೂ ಈ ಬಗೆಯ ವಿನಿಮಯವಾಗಿರಬಹುದು. ಆದರೆ ಹೋಲಿಕೆಗಳನ್ನಷ್ಟೇ ಕೂಡಿಸಿದರೆ ಅದು ಸಿದ್ಧವಾಗದು, ಹೋಲದಿರುವ ಕಡೆಗಳನ್ನು ನೋಡಬೇಕು.

ಅಂತಹವು ಬೇಕಾದಷ್ಟಿವೆ. ಬಂಡಿಯನ್ನು ನಾವು ಹೊಡೆಯುತ್ತೇವೆ. ತೆಲುಗರು ಅದಕ್ಕೆ ‘ಕೊಟ್ಟು’ವನ್ನು ಬಳಸದೆ ‘ತೋಲು’ ಎಂಬ ಬೇರೆ ಧಾತುವನ್ನೇ ಇಟ್ಟುಕೊಂಡಿದ್ದಾರೆ. ಅವರು ಮರವನ್ನು ಕೊಟ್ಟುತ್ತಾರೆ, ದೇವರ ಮುಂದೆ ತೆಂಗಿನಕಾಯಿಯನ್ನೂ ಕೊಟ್ಟುತ್ತಾರೆ. ನಾವು ಮರವನ್ನು ಕಡಿಯುತ್ತೇವೆ, ಕಾಯಿಯನ್ನು ಒಡೆಯುತ್ತೇವೆ. ಎರಡು ಧಾತುಗಳ ಕ್ಷೇತ್ರಗಳು ಹೀಗೆ ಒಂದರ ಮೇಲೊಂದು ಭಾಗಶಃ ಮಾತ್ರ ಹರಡಿಕೊಂಡಿವೆ. ಧಾರವಾಡದ ಕನ್ನಡದಲ್ಲಿಯೂ ಗುಂಟೂರಿನ ತೆಲುಗಿನಲ್ಲಿಯೂ ಈ ಅಂಚುಗಳು ಎಲ್ಲಿವೆಯೆಂದು ಗುರುತಿಸಿ, ಬಳಿಕ ನಂದವರಂ, ಕೋಸಿಗಿ, ಹೊಳಗುಂದಗಳ ದ್ವಿಭಾಷಿ ಮನೆಗಳಲ್ಲಿ ಮುದುಕರನ್ನೂ ಮಕ್ಕಳನ್ನೂ ಕೇಳಿದರೆ, ಅಂಚು ಸರಿದಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಅದಕ್ಕೆ ಯಂತ್ರಗಳು ಬೇಡ. ಬಂಡಿ, ಮರ, ತೆಂಗಿನಕಾಯಿ ಎಂಬ ಮೂರು ಚಿತ್ರಗಳನ್ನು ತೋರಿಸಿ, ಇವನು ಏನು ಮಾಡುತ್ತಿದ್ದಾನೆ ಎಂದು ಎರಡು ನುಡಿಗಳಲ್ಲಿಯೂ ಕೇಳಿದರೆ ಸಾಕು. ಕನ್ನಡದ ಮನೆಯ ಮಗುವೊಂದು ‘ಮರ ಹೊಡೀತಾನ’ ಎಂದರೆ, ಅಥವಾ ತೆಲುಗಿನ ಮುದುಕನೊಬ್ಬನು ‘ಬಂಡಿ ಕೊಟ್ತಾಡು’ ಎಂದರೆ, ವಿನಿಮಯವು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ನಡೆಯಿತೆಂಬುದಕ್ಕೆ ಮೊದಲ ಸಾಕ್ಷಿ ದೊರೆತಂತೆ.