ಗಣಕದ ಪರದೆ: ಮಿತವ್ಯಯದ ಆಯ್ಕೆಯಲ್ಲಿ ವಿವೇಕ

ಹಳಗನ್ನಡ ಕಾವ್ಯವನ್ನೂ ಅಮರಕೋಶವನ್ನೂ ಪಾಠ ಹೇಳಿಕೊಂಡು ಬಂದವನೊಬ್ಬನು ಗಣಕಯಂತ್ರದ ಪರದೆಯನ್ನು ಕುರಿತು, ಅದರಲ್ಲಿಯೂ ಗುಂಡು ಹಾರಿಸುವ ವೇಗದ ಆಟಗಳಿಗೆ ತಕ್ಕ ಪರದೆಯನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಕಾರಣ ನನ್ನಿಂದ ನಡೆದುಹೋದ ಒಂದು ತಪ್ಪು. ಅದನ್ನು ಮೊದಲು ನಿವೇದಿಸಿಕೊಂಡು ಅನಂತರ ವಿಷಯಕ್ಕೆ ಬರುತ್ತೇನೆ.

ಮೊಳಕಾಲ್ಮೂರಿನ ನೇಕಾರ ಗೃಹಸ್ಥರೊಬ್ಬರು, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು, ಒಂದು ದಿನ ತಮ್ಮ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗನೂ ನನ್ನಲ್ಲಿ ಕನ್ನಡ ಓದಿದವನೇ. "ಗುರುಗಳೇ, ಇವನಿಗೆ ನೀವೇ ಒಂದು ಮಾತು ಹೇಳಬೇಕು. ಮಗ್ಗದ ಕೂಲಿಯಲ್ಲಿ ಉಳಿಸಿ ಹನ್ನೊಂದು ಸಾವಿರ ಕೊಟ್ಟು ಹೊಸ ಮಾನಿಟರ್ ತಂದುಕೊಟ್ಟೆ. ಹಳೆಯದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ ಅಂತಾನೆ" ಎಂದರು. ಹುಡುಗನು ತಲೆ ತಗ್ಗಿಸಿ, "ಕೈ ಮುಂದೆ ಹೋಗುತ್ತೆ ಗುರುಗಳೇ, ಪರದೆ ಹಿಂದೇನೇ ಉಳಿಯುತ್ತೆ" ಎಂದನು. ನಾನು ವಿಚಾರಿಸಲಿಲ್ಲ. "ಕುಣಿಯಲಾರದವಳಿಗೆ ನೆಲ ಡೊಂಕು" ಎಂಬ ಗಾದೆಯನ್ನು ಹೇಳಿ, ತಂದೆಯ ದುಡಿಮೆಯ ಬೆಲೆ ತಿಳಿಯದವನೆಂದು ಗದರಿಸಿ ಕಳುಹಿಸಿದೆ.

ಎಂಟು ತಿಂಗಳು ಕಳೆದ ಮೇಲೆ ಅವರ ಮನೆಯ ಶುಭಕಾರ್ಯಕ್ಕೆ ಹೋದಾಗ ನನ್ನ ಜೊತೆಯಲ್ಲಿ ನಮ್ಮ ಗಣಕದ ಉಪಾಧ್ಯಾಯರೂ ಇದ್ದರು. ಅವರು ಕುತೂಹಲದಿಂದ ಆ ಯಂತ್ರದ ಮುಂದೆ ಕುಳಿತು ನೋಡಿ ನಕ್ಕರು. ಸೆಕೆಂಡಿಗೆ 144 ಬಾರಿ ಚಿತ್ರ ಬರೆಯಬಲ್ಲ ಆ ಪರದೆ ಕೊಂಡುತಂದ ದಿನದಿಂದಲೂ 60 ಬಾರಿ ಮಾತ್ರ ಬರೆಯುತ್ತಿತ್ತು! ಯಂತ್ರದೊಳಗಿನ ಒಂದು ಆಯ್ಕೆಯನ್ನು ಯಾರೂ ಬದಲಾಯಿಸಿರಲಿಲ್ಲ. ಒಂದು ಕಾಸಿನ ಖರ್ಚಿಲ್ಲದೆ, ಅರ್ಧ ನಿಮಿಷದಲ್ಲಿ ದೋಷ ಪರಿಹಾರವಾಯಿತು. ಹುಡುಗನು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದನೇ ಹೊರತು ಏನೂ ಹೇಳಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು. ಅಂದಿನಿಂದ ಆ ಉಪಾಧ್ಯಾಯರ ಬಳಿ ನಾನು ಶಿಷ್ಯನಾಗಿ ಕುಳಿತು ಕಲಿತದ್ದೇ ಈ ಲೇಖನ. ಚಳ್ಳಕೆರೆ, ಮೊಳಕಾಲ್ಮೂರುಗಳ ಮನೆಮನೆಗಳಲ್ಲಿ ಇಂದು ಮಕ್ಕಳು ಇಂತಹ ಬೇಡಿಕೆಯನ್ನು ಮುಂದಿಡುತ್ತಿರುವುದರಿಂದ, ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಇದು ಉಪಯೋಗಕ್ಕೆ ಬರಬಹುದೆಂದು ನಂಬಿದ್ದೇನೆ.

ಪರದೆಯೂ ಒಂದು ಮಗ್ಗ

ಪರದೆಯ ಮೇಲೆ ಚಿತ್ರವು ಒಮ್ಮೆಲೇ ಮೂಡುವುದಿಲ್ಲ. ಹಾಸಿನ ನಡುವೆ ಲಾಳಿ ಹರಿದು ಹೊಕ್ಕಿನ ಎಳೆಗಳು ಒಂದೊಂದಾಗಿ ಕೂಡುತ್ತ ಸೀರೆ ಬೆಳೆಯುವಂತೆ, ಪರದೆಯ ಚಿತ್ರವೂ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ನೇಯಲ್ಪಡುತ್ತದೆ. ಇಂದು ಸಾಮಾನ್ಯವಾಗಿ ದೊರೆಯುವ ಪರದೆಯಲ್ಲಿ ಒಂದು ಚಿತ್ರಕ್ಕೆ 1080 ಸಾಲುಗಳು. ಒಂದೊಂದು ಸಾಲಿನಲ್ಲಿ 1920 ಚುಕ್ಕೆಗಳು. ಇಂತಹ ಪೂರ್ಣ ಚಿತ್ರವನ್ನು ಸೆಕೆಂಡಿಗೆ ಎಷ್ಟು ಬಾರಿ ನೇಯಬಲ್ಲುದೆಂಬುದೇ ಅದರ 'ರಿಫ್ರೆಶ್ ರೇಟ್'. ಅದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. 60 ಹರ್ಟ್ಸಿನ ಪರದೆ ಸೆಕೆಂಡಿಗೆ 64,800 ಸಾಲುಗಳನ್ನು ನೇಯ್ದರೆ 144 ಹರ್ಟ್ಸಿನದು 1,55,520 ಸಾಲುಗಳನ್ನು ನೇಯುತ್ತದೆ.

ಇದರಿಂದ ಆಟಗಾರನಿಗೆ ಆಗುವ ಪ್ರಯೋಜನವೇನು? ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಮೊದಲಾದ ಆಟಗಳಲ್ಲಿ ಎದುರಾಳಿಯು ಪರದೆಯ ಎಡದಿಂದ ಬಲಕ್ಕೆ ಒಂದು ಸೆಕೆಂಡಿನಲ್ಲಿ ಓಡಿಹೋದನೆಂದು ಭಾವಿಸೋಣ. 60 ಹರ್ಟ್ಸಿನ ಪರದೆಯಲ್ಲಿ ಅವನು ಒಂದೊಂದು ಚಿತ್ರಕ್ಕೂ 32 ಚುಕ್ಕೆಗಳಷ್ಟು ದೂರ ನೆಗೆಯುತ್ತಾನೆ. 144ರಲ್ಲಿ ಆ ನೆಗೆತ ಸುಮಾರು 13 ಚುಕ್ಕೆ, 180ರಲ್ಲಿ ಸುಮಾರು 11 ಚುಕ್ಕೆ. ನೆಗೆತ ಕಿರಿದಾದಷ್ಟೂ ಕಣ್ಣು ಅವನನ್ನು ಬಿಡದೆ ಹಿಂಬಾಲಿಸಬಲ್ಲುದು. ಆಕೃತಿಯ ಅಂಚು ಮಸುಕಾಗದು. ಹುಡುಗನು "ಪರದೆ ಹಿಂದೆ ಉಳಿಯುತ್ತೆ" ಎಂದುದರ ಅರ್ಥ ಇದೇ.

ನಿಮೇಷದ ಲೆಕ್ಕ

ಇಲ್ಲಿ ನನ್ನ ಶಾಸ್ತ್ರದ ಒಂದು ಮಾತನ್ನು ಹೇಳಲು ಅವಕಾಶ ಬೇಡುತ್ತೇನೆ. ನಿಮೇಷವೆಂದರೆ ರೆಪ್ಪೆ ಬಡಿಯುವ ಹೊತ್ತು. ರೆಪ್ಪೆ ಬಡಿಯದವರು ಅನಿಮಿಷರು. ಅದು ದೇವತೆಗಳ ಹೆಸರು. ಅಲ್ಲಮಪ್ರಭುದೇವರ ಗುರುವಿಗೂ ಶರಣ ಸಂಪ್ರದಾಯದಲ್ಲಿ ಅನಿಮಿಷನೆಂದೇ ಹೆಸರು. ಅಮರಕೋಶದ ಪ್ರಕಾರ 18 ನಿಮೇಷಕ್ಕೆ ಒಂದು ಕಾಷ್ಠೆ, 30 ಕಾಷ್ಠೆಗೆ ಒಂದು ಕಲೆ, 30 ಕಲೆಗೆ ಒಂದು ಕ್ಷಣ, 12 ಕ್ಷಣಕ್ಕೆ ಒಂದು ಮುಹೂರ್ತ, 30 ಮುಹೂರ್ತಕ್ಕೆ ಒಂದು ಅಹೋರಾತ್ರ. ಗುಣಿಸಿದರೆ ಒಂದು ದಿನಕ್ಕೆ 58,32,000 ನಿಮೇಷಗಳು. ಅಂದರೆ ಸೆಕೆಂಡಿಗೆ ಅರುವತ್ತೇಳೂವರೆ. ಒಂದು ನಿಮೇಷಕ್ಕೆ ಸುಮಾರು 15 ಮಿಲಿಸೆಕೆಂಡುಗಳಾದವು. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ.

ಇದನ್ನು ಕಂಡು ನಮ್ಮ ಪೂರ್ವಿಕರು ಗಣಕದ ಪರದೆಯನ್ನು ಬಲ್ಲವರಾಗಿದ್ದರೆಂದು ಯಾರೂ ಹಿಗ್ಗಬೇಕಾಗಿಲ್ಲ. ಇದು ದಿನವನ್ನು ಭಾಗಿಸಿ ಪಡೆದ ಲೆಕ್ಕವೇ ಹೊರತು ಅಳೆದು ಕಂಡುದಲ್ಲ. ನಿಜವಾದ ರೆಪ್ಪೆಬಡಿತಕ್ಕೆ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಹೆಚ್ಚು ಕಾಲ ಹಿಡಿಯುವುದುಂಟು. ಆದರೆ ನೆನಪಿಗೆ ಈ ಮಾನ ಬಹಳ ಅನುಕೂಲ. 60 ಹರ್ಟ್ಸಿನ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು, ಅಂದರೆ ಅಮರನ ಒಂದು ನಿಮೇಷಕ್ಕಿಂತ ತುಸು ಹೆಚ್ಚು. 144 ಹರ್ಟ್ಸಿನದಕ್ಕೆ 6.9, ಅಂದರೆ ಅರ್ಧ ನಿಮೇಷಕ್ಕೂ ಕಡಿಮೆ.

ಈ ಲೆಕ್ಕದಲ್ಲಿ ಒಂದು ಮರ್ಮವಿದೆ. 60ರಿಂದ 144ಕ್ಕೆ ಏರಿದಾಗ ಒಂದೊಂದು ಚಿತ್ರಕ್ಕೆ ಉಳಿಯುವ ಕಾಲ ಸುಮಾರು 9.7 ಮಿಲಿಸೆಕೆಂಡು. 144ರಿಂದ 180ಕ್ಕೆ ಏರಿದರೆ ಉಳಿಯುವುದು ಕೇವಲ 1.4, 180ರಿಂದ 240ಕ್ಕೆ ಏರಿದರೂ ಅಷ್ಟೇ. ಮೊದಲ ಮೆಟ್ಟಿಲೇ ದೊಡ್ಡದು. ಆದುದರಿಂದ ಮಿತವ್ಯಯದವರು 144ರಿಂದ 180ರ ನಡುವೆ ನಿಲ್ಲುವುದು ಜಾಣತನ. ಅದರಾಚೆಗಿನ ಅಂಕಿಗಾಗಿ ಸಾಲ ಮಾಡುವುದು ಸಲ್ಲದು.

ಕಣ್ಣಿಗೆ ಕಂಡದ್ದಕ್ಕೆ ಕೈ ಚಲಿಸಲು ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡು ಬೇಕು. ಹೀಗಿರಲು ಹತ್ತು ಮಿಲಿಸೆಕೆಂಡು ಎಷ್ಟರದು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಅಭ್ಯಾಸವಿಲ್ಲದವನಿಗೆ ಅದರಿಂದ ಏನೂ ಆಗದು. ಸಮಬಲರಿಬ್ಬರ ನಡುವೆ ಅದು ತೂಕವನ್ನು ತಿರುಗಿಸಬಲ್ಲುದು. ನೋಟಕ್ಕೂ ಕ್ರಿಯೆಗೂ ನಡುವಣ ಅಂತರವನ್ನು ಕಿರಿದುಮಾಡುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟಾಗ, ಅದು ಚಾಲಕನಿಲ್ಲದೆ ತಾನಾಗಿಯೇ ದಾರಿಯನ್ನು ತಿದ್ದಿಕೊಂಡು ಬಂದು ಇಳಿದದ್ದು ನಮ್ಮ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿಯೇ.

ಪೆಟ್ಟಿಗೆಯ ಮೇಲಿನ 'ಒಂದು ಮಿಲಿಸೆಕೆಂಡು'

ಮಾರಾಟದ ಪೆಟ್ಟಿಗೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ '1 ಮಿಲಿಸೆಕೆಂಡ್' ಎಂದಿರುತ್ತದೆ. ಇದು ರಿಫ್ರೆಶ್ ರೇಟ್ ಅಲ್ಲ. ಒಂದು ಚುಕ್ಕೆ ಬಣ್ಣ ಬದಲಾಯಿಸಲು ತೆಗೆದುಕೊಳ್ಳುವ ಕಾಲ. ಚುಕ್ಕೆ ನಿಧಾನವಾದರೆ ಓಡುವ ಆಕೃತಿಯ ಹಿಂದೆ ನೆರಳು ಎಳೆದಂತೆ ಕಾಣುತ್ತದೆ. ಈ ಅಂಕಿಯನ್ನು ಅಳೆಯುವ ಕ್ರಮಗಳು ಎರಡು. 'ಜಿ-ಟು-ಜಿ' ಎಂಬುದು ಒಂದು ಬೂದುಬಣ್ಣದಿಂದ ಮತ್ತೊಂದಕ್ಕೆ ಚುಕ್ಕೆ ಬದಲಾಗುವ ಕಾಲ. 'ಎಂಪಿಆರ್‌ಟಿ' ಎಂಬುದು ಚಲಿಸುವ ಚಿತ್ರ ಕಣ್ಣಿಗೆ ಎಷ್ಟು ಮಸುಕಾಗುತ್ತದೆಂಬುದರ ಅಳತೆ. ಪರದೆಯ ಹಿಂದಿನ ದೀಪವನ್ನು ಆರಿಸಿ ಹೊತ್ತಿಸುತ್ತ ಈ ಎರಡನೆಯದನ್ನು ಕಡಿಮೆ ಮಾಡಿ ತೋರಿಸಬಹುದು. ಆಗ ಬೆಳಕು ಕುಂದುತ್ತದೆ. ಆದುದರಿಂದ 75 ಹರ್ಟ್ಸಿನ ಪರದೆಯ ಮೇಲೆ '1 ಮಿಲಿಸೆಕೆಂಡ್' ಎಂದು ಬರೆದಿದ್ದ ಮಾತ್ರಕ್ಕೆ ಅದು ವೇಗದ ಪರದೆಯಾಗದು. ಮೊದಲು ನೋಡಬೇಕಾದುದು ಹರ್ಟ್ಸ್; ಅನಂತರ ಫಲಕದ ಜಾತಿ; ಆಮೇಲೆ ಈ ಅಂಕಿ.

ಫಲಕಗಳು ಮುಖ್ಯವಾಗಿ ಮೂರು ಬಗೆ. ಟಿಎನ್ ಫಲಕಗಳು ವೇಗವಾದವು, ಆದರೆ ಪಕ್ಕದಿಂದ ನೋಡಿದರೆ ಬಣ್ಣಗೆಡುತ್ತವೆ. ವಿಎ ಫಲಕಗಳಲ್ಲಿ ಕಪ್ಪು ಗಾಢವಾಗಿ ಕಾಣುವುದರಿಂದ ಚಲನಚಿತ್ರಕ್ಕೆ ಚೆನ್ನ. ಆದರೆ ಅಗ್ಗದ ವಿಎ ಫಲಕಗಳಲ್ಲಿ ಕಪ್ಪಿನಿಂದ ಬೂದಿಗೆ ಬದಲಾವಣೆ ನಿಧಾನ. ಈ ಆಟಗಳಲ್ಲಿ ಎದುರಾಳಿ ಅವಿತು ಕೂರುವುದು ಕತ್ತಲ ಮೂಲೆಯಲ್ಲಿಯೇ ಆದುದರಿಂದ ಅಲ್ಲಿಯೇ ಚಿತ್ರ ಮಸಿ ಬಳಿದಂತಾಗುತ್ತದೆ. ಐಪಿಎಸ್ ಫಲಕಗಳಲ್ಲಿ ವೇಗವೂ ಬಣ್ಣವೂ ಹದವಾಗಿರುತ್ತವೆ. ಅದೇ ಪರದೆಯಲ್ಲಿ ಪಾಠವನ್ನೂ ಓದಬಹುದು. ಮಧ್ಯಮ ವರ್ಗದ ಮನೆಗೆ ಐಪಿಎಸ್ ಯೋಗ್ಯವಾದುದೆಂದು ನಮ್ಮ ಉಪಾಧ್ಯಾಯರ ಅಭಿಪ್ರಾಯ.

ಎತ್ತು ಒಂದೆಡೆ, ಬಂಡಿ ಒಂದೆಡೆ ಆಗಬಾರದು

ಪರದೆ ಬಂಡಿಯಾದರೆ ಗಣಕಯಂತ್ರ ಅದನ್ನು ಎಳೆಯುವ ಎತ್ತು. ಯಂತ್ರವು ಸೆಕೆಂಡಿಗೆ 50 ಚಿತ್ರಗಳನ್ನು ಮಾತ್ರ ಸಿದ್ಧಪಡಿಸಬಲ್ಲುದಾದರೆ 180 ಹರ್ಟ್ಸಿನ ಪರದೆ ಇದ್ದೂ ಕಾಣುವುದು ಆ ಐವತ್ತೇ. ಆದುದರಿಂದ ಪರದೆ ಕೊಳ್ಳುವ ಮೊದಲು, ಮಗನು ಆಡುವ ಆಟ ಈಗಿರುವ ಯಂತ್ರದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ಕೊಡುತ್ತದೆಂದು ಅವನಿಂದಲೇ ತೋರಿಸಿಕೊಳ್ಳಬೇಕು. ಬಹುತೇಕ ಆಟಗಳಲ್ಲಿ ಅದನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಲು ಸಾಧ್ಯವಿದೆ. ಸಂಖ್ಯೆ ಅರುವತ್ತನ್ನು ದಾಟದಿದ್ದರೆ ಹೊಸ ಪರದೆ ವ್ಯರ್ಥ.

ನೇಯ್ಗೆಯ ನಡುವೆ ವಿನ್ಯಾಸ ಬದಲಾದರೆ ಬುಟ್ಟಾದ ಮೇಲರ್ಧ ಹಳೆಯದು, ಕೆಳಗಿನರ್ಧ ಹೊಸದು ಆಗುವುದಷ್ಟೆ. ಯಂತ್ರದ ವೇಗಕ್ಕೂ ಪರದೆಯ ವೇಗಕ್ಕೂ ಹೊಂದಿಕೆಯಿಲ್ಲದಾಗ ಚಿತ್ರವು ಹೀಗೆಯೇ ನಡುವೆ ಸೀಳಿದಂತೆ ಕಾಣುತ್ತದೆ. ಹೊಸ ಚಿತ್ರ ಸಿದ್ಧವಾಗುವವರೆಗೆ ಪರದೆ ಕಾಯುವಂತೆ ಮಾಡುವ ಏರ್ಪಾಟಿಗೆ 'ಫ್ರೀಸಿಂಕ್' ಎನ್ನುತ್ತಾರೆ. ಕಡಿಮೆ ಬೆಲೆಯ ಪರದೆಗಳಲ್ಲಿಯೂ ಅದು ಈಗ ದೊರೆಯುವುದರಿಂದ ಕೇಳಿ ತೆಗೆದುಕೊಳ್ಳಬೇಕು.

ಮನೆಗೆ ತಂದ ಮೇಲೆ ಮಾಡಬೇಕಾದ ಕೆಲಸ ಇದಕ್ಕಿಂತಲೂ ಮುಖ್ಯ. ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ತಂತಿಯನ್ನು ಆ ಕಾರ್ಡಿನ ಕಿಂಡಿಗೇ ಚುಚ್ಚಬೇಕು. ಸಾಧ್ಯವಾದರೆ ಡಿಸ್‌ಪ್ಲೇ ಪೋರ್ಟ್ ತಂತಿಯನ್ನು ಬಳಸಬೇಕು. ಕೆಲವು ಪರದೆಗಳ ಎಚ್‌ಡಿಎಂಐ ಕಿಂಡಿ ಪೂರ್ಣ ವೇಗವನ್ನು ಕೊಡದು. ಆಮೇಲೆ ವಿಂಡೋಸಿನ ಸೆಟ್ಟಿಂಗ್ಸ್ ತೆರೆದು ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ 60ರ ಬದಲು 144 ಅಥವಾ 180 ಎಂಬುದನ್ನು ಆರಿಸಬೇಕು. ನಮ್ಮ ನೇಕಾರರ ಮನೆಯಲ್ಲಿ ಎಂಟು ತಿಂಗಳು ತಪ್ಪಿದ್ದು ಈ ಒಂದು ಹೆಜ್ಜೆಯೇ.

ಗಾತ್ರ, ಬೆಲೆ, ಖಾತರಿ

24 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92 ಚುಕ್ಕೆಗಳಿದ್ದರೆ, ಅಷ್ಟೇ ಚುಕ್ಕೆಗಳ 27 ಅಂಗುಲದ ಪರದೆಯಲ್ಲಿ 82 ಮಾತ್ರ; ಅಕ್ಷರಗಳು ಒರಟಾಗಿ ಕಾಣುತ್ತವೆ. ಮೇಜಿನ ಮೇಲೆ ತೋಳಳತೆಯ ದೂರದಲ್ಲಿಟ್ಟು ನೋಡಲು 24 ಅಂಗುಲವೇ ಸಾಕು. ಇಂತಹ ಐಪಿಎಸ್ ಪರದೆಗಳು ಇಂದಿನ ಪೇಟೆಯಲ್ಲಿ ಸುಮಾರು 10,000 ರೂಪಾಯಿಯ ಆಚೀಚೆಗೆ ದೊರೆಯುತ್ತವೆ. ಕೆಟ್ಟರೆ ರಿಪೇರಿಯವರು ಮನೆಗೆ ಬರುವರೋ, ಅಥವಾ ಅದನ್ನು ಚಿತ್ರದುರ್ಗಕ್ಕೋ ಬಳ್ಳಾರಿಗೋ ಬೆಂಗಳೂರಿಗೋ ನಾವೇ ಹೊತ್ತೊಯ್ಯಬೇಕೋ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು. ತಂದ ದಿನವೇ ಪರದೆಯ ತುಂಬ ಬಿಳಿ, ಕಪ್ಪು, ಕೆಂಪು ಬಣ್ಣಗಳನ್ನು ತುಂಬಿಸಿ ಸತ್ತ ಚುಕ್ಕೆಗಳಿವೆಯೇ ಎಂದು ಪರೀಕ್ಷಿಸಬೇಕು. ಹಿಂದಿರುಗಿಸುವ ಅವಧಿ ಕೆಲವೇ ದಿನಗಳದು. ವಿದ್ಯುತ್ತಿನ ಏರಿಳಿತವಿರುವ ಕಡೆ ಯುಪಿಎಸ್ ಇಡುವುದು ಕ್ಷೇಮ.

ಶಾಲೆಯ ಗಣಕ ಕೊಠಡಿಗೆ ಯಂತ್ರಗಳನ್ನು ದಾನಮಾಡುವ ಮಹನೀಯರಲ್ಲಿ ಒಂದು ಅರಿಕೆ. ಪಾಠಕ್ಕೂ ಬರವಣಿಗೆಗೂ 60 ಅಥವಾ 75 ಹರ್ಟ್ಸಿನ ಪರದೆಗಳು ಧಾರಾಳವಾಗಿ ಸಾಕು. ಅಲ್ಲಿ ವೇಗಕ್ಕಿಂತ ಸಂಖ್ಯೆ ಮುಖ್ಯ. ಉಳಿದ ಹಣದಲ್ಲಿ ಇನ್ನೊಂದು ಮಗುವಿಗೆ ಇನ್ನೊಂದು ಯಂತ್ರ ದೊರೆಯಲಿ.

ಉಪಸಂಹಾರ

ಇಷ್ಟೆಲ್ಲ ಹೇಳಿ ಆಟಕ್ಕೆ ಪ್ರೋತ್ಸಾಹ ಕೊಡುತ್ತಿರುವಿರಾ ಎಂದು ಹಿರಿಯರು ಕೇಳಬಹುದು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಗಣಕದ ಆಟಗಳಿಗೂ ಪದಕಗಳಿದ್ದವು. ನಮ್ಮ ಸಂಸತ್ತು 2025ರಲ್ಲಿ ಮಾಡಿದ ಕಾಯಿದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳನ್ನು ಬೇರೆಯಾಗಿ ಮಾನ್ಯ ಮಾಡಿತು. ಜೂಜಿಗೂ ಆಟಕ್ಕೂ ಇರುವ ಈ ಗೆರೆಯನ್ನು ಮನೆಯಲ್ಲಿಯೂ ಕಾಯಬೇಕು. ಹೊತ್ತಿಗೆ ಮಿತಿಯಿರಬೇಕು, ನಿದ್ದೆಯನ್ನೂ ಓದನ್ನೂ ನುಂಗುವ ಆಟ ಎಷ್ಟು ಒಳ್ಳೆಯ ಪರದೆಯ ಮೇಲೆ ನಡೆದರೂ ಕೆಟ್ಟದ್ದೇ.

ಆದರೆ ಮಿತಿ ಹಾಕುವವರು ಮೊದಲು ತಿಳಿದುಕೊಂಡಿರಬೇಕು. ಕಾಯಕದಿಂದ ಬಂದ ಹಣ ಪೆಟ್ಟಿಗೆಯ ಮೇಲಿನ ಒಂದು ಅಂಕಿಗೆ ಮರುಳಾಗಿ ಹಾಳಾಗಬಾರದು. ಹಾಗೆಯೇ ಮಗುವಿನ ನಿಜವಾದ ಮಾತು ಹಿರಿಯರ ಒಂದು ಗಾದೆಗೆ ಸಿಕ್ಕಿ ಹಾಳಾಗಬಾರದು. ಆ ಹುಡುಗನ ಕ್ಷಮೆಯನ್ನು ಅಂದೇ ಕೇಳಿದೆ; ಈ ಸಂಚಿಕೆಯ ಮೂಲಕ ಮತ್ತೊಮ್ಮೆ ಕೇಳುತ್ತೇನೆ. ನೆಲ ಡೊಂಕೆಂದು ಮಕ್ಕಳು ಹೇಳಿದಾಗ ಒಮ್ಮೆ ಬಗ್ಗಿ ನೆಲವನ್ನು ನೋಡುವಷ್ಟು ತಾಳ್ಮೆ ನಮ್ಮ ಉಪಾಧ್ಯಾಯ ವರ್ಗಕ್ಕೆ ಇರಲೆಂದು ಹಾರೈಸುತ್ತೇನೆ.