ಗಂಟಲ್ಲ, ಮರಿ ಗುಲ್ಮ

ಅಕ್ಕಲಕೋಟ ತಾಲ್ಲೂಕಿನ ನಮ್ಮ ಕಾಕಾ ಮೂತ್ರದ ಕಲ್ಲಿನ ನೋವಿಗೆಂದು ಸೊಲ್ಲಾಪುರದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಕಲ್ಲು ಸಣ್ಣದೇ. ಆದರೆ ಮೇದೋಜೀರಕ ಗ್ರಂಥಿಯ ಬಾಲದಲ್ಲಿ 2 ಸೆಂ.ಮೀ. ಗಂಟೊಂದು ಕಂಡಿತು. ‘ಟ್ಯೂಮರ್ ಇರಬಹುದು’ ಎಂದಿತ್ತು ವರದಿ.

“ತಮ್ಮಾ, ಎತ್ತು ಮಾರೂಣು. ಆಪರೇಶನ್‌ಕ್ಕ ರೊಕ್ಕ ಬೇಕಲ್ಲ” ಅಂದರು ಕಾಕಾ.

ವರದಿ ಹಿಡಿದು ಇನ್ನೊಬ್ಬ ಡಾಕ್ಟರ ಬಳಿ ಹೋದೆವು. “ಗಡಬಡ ಮಾಡಬ್ಯಾಡ್ರಿ, ಇದು ಮರಿ ಗುಲ್ಮ ಇದ್ದೀತು” ಅಂದರು.

ಗುಲ್ಮವೆಂದರೆ ಎಡಪಕ್ಕೆಯೊಳಗಿದ್ದು ಹಳೆಯ ರಕ್ತಕಣ ಸೋಸುವ ಅಂಗ, ಮರಾಠಿಯ ಪ್ಲೀಹಾ. (ಆಯುರ್ವೇದದವರು ಹೊಟ್ಟೆಯ ಗಂಟಿಗೇ ಗುಲ್ಮ ಅನ್ನುತ್ತಾರೆ, ಮಜಾ ನೋಡ್ರಿ.) ತಾಯಿಯ ಗರ್ಭದಲ್ಲಿ ಗುಲ್ಮ ಕೂಡಿಕೊಳ್ಳುವಾಗ ಒಂದು ಚೂರು ಬೇರೆ ಉಳಿಯುವುದುಂಟು. ನೂರರಲ್ಲಿ ಹತ್ತು ಮಂದಿಗಾದರೂ ಇರುತ್ತದೆ, ತ್ರಾಸಿಲ್ಲ. ಹೆಚ್ಚಾಗಿ ಗುಲ್ಮದ ಮಗ್ಗುಲಲ್ಲೇ ಇರುವ ಅದು ಮೇದೋಜೀರಕದ ಬಾಲದೊಳಗೆ ಕೂತರೆ ಗಡ್ಡೆಯಂತೆ ಕಾಣುತ್ತದೆ.

ಗುರುತಿಸುವ ಬಗೆ ಹೀಗೆ. ಬಣ್ಣದ ಔಷಧಿ ಚುಚ್ಚಿ ಸ್ಕ್ಯಾನ್ ಮಾಡಿದಾಗ ಗಂಟು ಪ್ರತಿ ಹಂತದಲ್ಲೂ ದೊಡ್ಡ ಗುಲ್ಮದ ಹಾಗೇ ಬೆಳಗಿದರೆ ಸಂಶಯ ಅರ್ಧ ಕಳೆಯಿತು. ಆಮೇಲೆ ರೋಗಿಯದೇ ರಕ್ತ ತೆಗೆದು, ಕೆಂಪುಕಣಗಳಿಗೆ ಟೆಕ್ನೀಶಿಯಂ ಬೆರೆಸಿ, ಹದವಾಗಿ ಕಾಯಿಸಿ, ಮತ್ತೆ ಮೈಗೆ ಏರಿಸುತ್ತಾರೆ. ಕೆಟ್ಟ ಕಣ ಹಿಡಿಯುವುದೇ ಗುಲ್ಮದ ಕೆಲಸ, ಮರಿಯೂ ಹಿಡಿಯುತ್ತದೆ. ಕ್ಯಾಮೆರಾದಲ್ಲಿ ಮಿನುಗಿದರೆ ಅದು ಗುಲ್ಮವೇ. ಮಿನುಗದಿದ್ದರೆ ಮುಂದಿನ ತಪಾಸಣೆ ಆಗಲೇಬೇಕು, ಅಲ್ಲಿ ಖರೇ ಕ್ಯಾನ್ಸರೂ ಹುಟ್ಟುತ್ತದೆ.

ಪುಣೆಗೆ ಹೋಗಿ ಮಾಡಿಸಿದೆವು. ಮಿನುಗಿತು.

ಎತ್ತು ಉಳಿದವು. ಕಲ್ಲು ಮಾತ್ರ ಕಾಕಾಗೆ ಇನ್ನೂ ಕಾಡ್ತದ.